ಜಿನ್‌ಗಳ ಊರಲ್ಲಿ ಮಗಳನ್ನು ಕೂಗಿದ್ದು

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. "ಅಕ್ಕಾ, ಹ್ಯಾಲೋವೀನ್‌ಗೆ ಮಕ್ಕಳನ್ನು ಬಹ್ಲಾಕ್ಕೆ ಕರ್ಕೊಂಡು ಹೋಗುವ ಅಂತ ಉಂಟು. ನೀವು ಹೋಗಿದ್ರಲ್ಲ, ಹೇಗೆ?" ಮಸ್ಕತ್ತಿನಿಂದ ಎರಡು ಗಂಟೆಯ ದಾರಿಯ ಬಹ್ಲಾ, ಜಿನ್‌ಗಳ ಊರು, ಕಣ್ಣಿಗೆ ಕಾಣದ ಭೂತಗಳ ಊರು ಎಂದೇ ಹೆಸರುವಾಸಿ. ಒಮಾನಿನ ಹಿರಿಯರು ಅದನ್ನು ತಮಾಷೆಗೆ ಹೇಳುವುದಿಲ್ಲ. ತಮಾಷೆ ಮಾಡುವವರು ನಾವು, ಮುಖಕ್ಕೆ ಬಣ್ಣ ಬಳಿದುಕೊಂಡು ಕಾರು ಹತ್ತುವವರು. ಸೆಖೆ ಇಳಿಯುವುದಕ್ಕೂ ಹ್ಯಾಲೋವೀನ್ ಬರುವುದಕ್ಕೂ ಸರಿಯಾಗುವುದರಿಂದ ಆ ವಾರಾಂತ್ಯ ಅರ್ಧ ಮಸ್ಕತ್ತೇ ಅಲ್ಲಿರುತ್ತದೆ.

ಕೇಳಿದವರಿಗೆ ನಾನು ಹೇಳುವುದಿಷ್ಟು. ಶುಕ್ರವಾರ ಮಧ್ಯಾಹ್ನಕ್ಕೆ ಹೋಗಿ ತಲುಪಬೇಡಿ. ನಮಾಜಿನ ಹೊತ್ತಿಗೆ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ಒಂದು ಚಹಾ ಕೂಡ ಸಿಗುವುದಿಲ್ಲ. ಕಾರನ್ನು ಅಲ್ಲಿನ ಹಳೆಯ ಕೋಟೆಯ ಬುಡದವರೆಗೆ ಒಯ್ಯುವ ಹಟ ಬೇಡ, ದೂರದಲ್ಲೇ ನಿಲ್ಲಿಸಿ ನಡೆಯಿರಿ. ಚಪ್ಪಲಿ ಬೇಡ, ಶೂ ಹಾಕಿ. ಪಾಳುಬಿದ್ದ ಮಣ್ಣಿನ ಮನೆಗಳ ಮಹಡಿ ಹತ್ತಬೇಡಿ. ಜನ ವಾಸವಿರುವ ಮನೆಗಳ ಮುಂದೆ ಕಿರುಚಬೇಡಿ, ಅದು ಅವರ ಊರು, ನಮ್ಮ ಎಕ್ಸಿಬಿಷನ್ ಅಲ್ಲ. ಮತ್ತೆ, ಹೈಪರ್‌ಮಾರ್ಕೆಟಿನಲ್ಲಿ ರಾಶಿ ಹಾಕಿ ಮಾರುವ ಆ ಕಪ್ಪು ಮಾಟಗಾತಿ ನಿಲುವಂಗಿಯನ್ನು, ನಿಮ್ಮ ದಮ್ಮಯ್ಯ, ಮಕ್ಕಳಿಗೆ ಹಾಕಬೇಡಿ.

ನಾವು ಹಾಕಿದ್ದೆವು. ಹೋದದ್ದು ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಮತ್ತೆ ಉಡುಪಿ ಕಡೆಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ. ಮಸ್ಕತ್ತಿನ ಅಲ್ ಮವಾಲೇಹ್‌ನ ನಮ್ಮ ಫ್ಲ್ಯಾಟಿನಿಂದ ಹೊರಡುವಾಗಲೇ ತಡವಾಗಿತ್ತು. ಬಹ್ಲಾದಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಸುತ್ತಿ ಸುತ್ತಿ, ನಾನೂ ಇವರೂ ಸಾಕಷ್ಟು ಜಗಳ ಮಾಡಿಕೊಂಡೆವು. ಕೊನೆಗೆ ಇಳಿದಾಗ ಅತ್ತೆ, "ನನ್ನ ಗಂಟುನೋವಿಗೆ ಆ ಏರು ಆಗ್ಲಿಕ್ಕಿಲ್ಲ, ನೀವು ಹೋಗಿ ಬನ್ನಿ" ಎಂದು ಚಹಾದಂಗಡಿಯ ಕುರ್ಚಿಯಲ್ಲಿ ಕೂತುಬಿಟ್ಟರು.

ಕೋಟೆಯ ಹತ್ತಿರದ ಹಳೆಯ ಕೇರಿ ನೋಡಲು ಚೆಂದ. ಮಣ್ಣಿನ ಗೋಡೆಗಳು, ಇಬ್ಬರು ಪಕ್ಕಪಕ್ಕ ನಡೆಯಲಾಗದ ಓಣಿಗಳು, ಹಾರುಹೊಡೆದ ಬಾಗಿಲುಗಳು. ಆವತ್ತು ಅದರ ತುಂಬ ಜನ. ಇವರು ಫೋಟೋ ತೆಗೆಯಲು ನಿಂತರು. ಮಗಳು ಅವಳಪ್ಪನ ಹತ್ತಿರ ಇದ್ದಾಳೆಂದು ನಾನು, ನನ್ನ ಹತ್ತಿರ ಇದ್ದಾಳೆಂದು ಅವರು. ಮುಂದಿನ ತಿರುವಿನಲ್ಲಿ ಕಪ್ಪು ನಿಲುವಂಗಿಯ ಹುಡುಗಿಯ ಕೈ ಹಿಡಿದು "ನಡೆ ಮುಂದೆ" ಎಂದರೆ, "ಆಂಟಿ?" ಎಂದು ಯಾರದ್ದೋ ಮಗು ನನ್ನ ಮುಖ ನೋಡಿತು. ಎತ್ತ ನೋಡಿದರೂ ಅದೇ ನಿಲುವಂಗಿ, ಅದೇ ಚೂಪು ಟೋಪಿ. ನನ್ನ ಮಗಳು ಮಾತ್ರ ಇಲ್ಲ.

ಇವರು ಕೋಟೆಯ ಕಡೆ ಓಡಿದರು, ನಾನು ಓಣಿಗಳ ಒಳಗೆ. ಒಂದು ತಿರುವಿನಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗುವುದು, ಉತ್ತರವಿಲ್ಲದಿದ್ದರೆ ಮುಂದಿನ ತಿರುವಿಗೆ ಓಡುವುದು. ಒಂದು ಮನೆಯೊಳಗೆ ಬಾಯಿ ತೆರೆದ ಹಳೇ ಬಾವಿ ಕಂಡಿತು. ಬಗ್ಗಿ ನೋಡಿದೆ. ಕಲ್ಲು, ಕಸ, ಬೇರೇನೂ ಇಲ್ಲ. ಅಷ್ಟು ಹೊತ್ತಿಗೆ ಸಂಜೆಯ ಬಾಂಗು ಕೇಳಿಸಿತು, ಓಣಿಯೊಳಗೆ ಬೆಳಕು ಕುಂದತೊಡಗಿತು. ಅತ್ತೆಯ ಹತ್ತಿರ ಬಂದಿರಬಹುದೇ ಎಂದು ಚಹಾದಂಗಡಿಗೆ ಓಡಿದೆ. ಅಲ್ಲಿಯೂ ಇಲ್ಲ.

"ಮಗು ಸಿಗ್ತಾ ಇಲ್ಲ ಅತ್ತೆ!"

ಅತ್ತೆ ಎದ್ದು ನಿಂತರು. "ಕರೆದ್ಯಾ?"

"ಕರೆದು ಕರೆದು ಗಂಟಲು ಹೋಯ್ತು."

"ಹೇಗೆ ಕರೆದದ್ದು? ಒಂದೇ ಕಡೆ ನಿಂತು ಮೂರು ಸಲ ಕರೆದ್ಯಾ?"

ನನಗೆ ಸಿಟ್ಟು ನೆತ್ತಿಗೇರಿತು. "ಮಗು ಕಾಣುದಿಲ್ಲ ಅಂದ್ರೆ ನಿಮ್ಮದೆಂತ ಲೆಕ್ಕ ಮಾರಾಯ್ರೆ!"

"ನೀವಿಬ್ಬರು ಕಾರಲ್ಲಿ ಜಗಳ ಮಾಡುವಾಗ ನಾನೇ ಅವಳಿಗೆ ಹೇಳಿದ್ದು ಮಗಾ," ಎಂದರು ಅತ್ತೆ. "ಇದು ಅಂಥಾ ಜಾಗ, ಒಂದು ಸಲ ಕರೆದ್ರೆ ಓ ಅನ್ಬೇಡ, ಎರಡು ಸಲ ಕರೆದ್ರೂ ಅನ್ಬೇಡ. ಕುಲೆ ನಮ್ಮವರ ಸ್ವರದಲ್ಲೇ ಕರೀತದೆ, ಆದ್ರೆ ಮೂರನೇ ಸಲ ಕರೆಯುವ ಶಕ್ತಿ ಅದಕ್ಕಿಲ್ಲ. ಮೂರು ಸಲ ಕರೆದವರಿಗೆ ಮಾತ್ರ ಓ ಅನ್ನು, ಅಲ್ಲಿವರೆಗೆ ಇದ್ದಲ್ಲಿಂದ ಅಲ್ಲಾಡ್ಬೇಡ ಅಂತ."

ಕುಲೆ ಎಂದರೆ ನಮ್ಮ ತುಳುನಾಡಿನಲ್ಲಿ ಸತ್ತವರ ಪ್ರೇತ. ನನ್ನ ಅಜ್ಜಿಯೂ ನನಗೆ ಇದನ್ನೇ ಹೇಳಿದ್ದರು. ನಮ್ಮ ಕಡೆ ಇದನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಆದರೆ ಅತ್ತೆಯ ತುಳುವಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಇದನ್ನು ನಂಬುತ್ತಾಳೆಯೇ? ಯೋಚಿಸಲು ವೇಳೆ ಇರಲಿಲ್ಲ. ತಿರುಗಿ ಓಡಿದೆ. ಕೇರಿಯ ನಡುವೆ, ನಾಲ್ಕು ಓಣಿ ಸೇರುವಲ್ಲಿ ಕಾಲೂರಿ ನಿಂತೆ.

ಒಂದು ಸಲ ಕರೆದೆ. ಯಾರೋ ಇಬ್ಬರು ತಿರುಗಿ ನೋಡಿದರು. ಎರಡನೆಯ ಸಲ ಕರೆದೆ. ಏನೂ ಇಲ್ಲ. ಮೂರನೆಯ ಸಲ ಕರೆಯಲು ಬಾಯಿ ಬರಲಿಲ್ಲ, ಅದಕ್ಕೂ ಉತ್ತರ ಬಾರದಿದ್ದರೆ ಮತ್ತೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ದೇವರೇ ಎಂದುಕೊಂಡು ಇದ್ದ ಉಸಿರನ್ನೆಲ್ಲ ಹಾಕಿ ಕರೆದೆ.

"ಓ!"

ನಾನು ಆಗಲೇ ಎರಡು ಬಾರಿ ದಾಟಿ ಹೋಗಿದ್ದ ಗೋಡೆಯ ಹಿಂದಿನಿಂದ ಬಂತು ಆ ಸ್ವರ. ಹೋಗಿ ನೋಡಿದರೆ ಮೆಟ್ಟಿಲಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾಳೆ. ಹೋದ ಜೀವ ಬಂತು ನನಗೆ. ಇವರಿಗೆ ಫೋನ್ ಮಾಡಿ "ಸಿಕ್ಕಿದಳು" ಎಂದೆ. ಸಿಕ್ಕಿದ ಕೂಡಲೇ ಎರಡು ಬಾರಿಸಬೇಕೆಂದುಕೊಂಡಿದ್ದ ಕೈ ಅವಳನ್ನು ಎಬ್ಬಿಸಿ ತಬ್ಬಿಕೊಂಡಿತು.

ಅವಳು ಮರದ ಹಾಗೆ ಬಿಗಿಯಾಗಿ ನಿಂತಿದ್ದಳು. "ಯಾಕಮ್ಮ ಒಂದೊಂದೇ ಸಲ ಕರೆದು ಹೋಗ್ತಿದ್ದದ್ದು?" ಎಂದಳು. ಇಂಗ್ಲಿಷಿನ ಸುಳಿವೇ ಇರಲಿಲ್ಲ. "ನಂಗೆ ಕೇಳ್ತಾ ಇತ್ತು. ಓ ಅನ್ನುವ ಅಂತ ಆಗ್ತಿತ್ತು. ಅದು ನೀನೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ನಾನೇ ಮಗಾ," ಎಂದೆ. "ನಾನೇ." ಅವಳ ಮೈ ಸಡಿಲವಾಗಲಿಲ್ಲ.

"ನಾನೇ," ಎಂದು ಇನ್ನೊಮ್ಮೆ ಹೇಳಿದೆ. ಆಗ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತಳು.