ಒಲೆಗಲ್ಲಿನ ಲೆಕ್ಕದಲ್ಲಿ ಒಂಬತ್ತನೆಯ ಸಾಲು

ಜುಲೈ ಹದಿನಾಲ್ಕು, ಸೋಮವಾರ. ಚೆಂಡುಹೂವಿನ ಸಸಿ ಇನ್ನೂರ ಹನ್ನೆರಡು. ಕೊಪ್ಪಳದ ಒಂದು ಕಚೇರಿಯ ಅಂಗಳದಲ್ಲಿ ಬೆಳಗಿನ ಆರಕ್ಕೇ ಹೊಳಿಯಮ್ಮ ಅವನ್ನು ಎರಡು ಬಾರಿ ಎಣಿಸಿ ಮುಗಿಸಿದ್ದಾರೆ. ಎದುರಿಗೆ ಇಪ್ಪತ್ತನಾಲ್ಕು ಅಡಿ ಉದ್ದ, ಎಂಟು ಅಡಿ ಅಗಲದ ಮಡಿ. ಗಿಡದಿಂದ ಗಿಡಕ್ಕೆ ಒಂದಡಿ, ಅಂಚಿಗೆ ಅರ್ಧ ಅಡಿ ಬಿಡಬೇಕೆಂಬುದು ಗುತ್ತಿಗೆದಾರ ಕಲ್ಲೇಶ ಅವರ ಕರಾರು. ಅವರ ಕಾಗದದ ಪ್ರಕಾರ ಸಸಿ ನೂರ ತೊಂಬತ್ತೆರಡು ಸಾಕು. ಇಪ್ಪತ್ತು ಹೆಚ್ಚಿಗೆ ತಂದವರು ಹೊಳಿಯಮ್ಮ.

“ಇಪ್ಪತ್ನಾಕ ಎಂಟ್ಲೆ ಎಷ್ಟಬೇ? ಮಗ್ಗಿ ಮರತಿ ಏನು?” ಎಂದು ಕಲ್ಲೇಶ ಕೆಣಕುತ್ತಾರೆ.

“ಮಗ್ಗಿ ಖರೆ ಐತ್ರಿ ಸಾವ್ಕಾರ್ರ. ನಿಮ್ಮ ಸಾಲು ತಪ್ಪೈತಿ.”

“ಒಂದ ಸಸಿ ಉಳದ್ರೂ, ಇನ್ನೇಳು ಮಡಿ ಬ್ಯಾರೇದವ್ರಿಗೆ ಕೊಡ್ತೇನಿ ನೋಡು.”

“ಕೊಡ್ರಿ. ಸಸಿ ನಟ್ಟು ಮುಗಿಯೂಮಟ ಸುಮ್ನ ಕುಂದರ್ರಿ.”

ಏಳು ಮಡಿಯೆಂದರೆ ಅವರಿಗೂ ಜೊತೆಗಾತಿ ದುರಗಮ್ಮನಿಗೂ ಸೇರಿ ಹದಿನಾಲ್ಕು ದಿನದ ಕೂಲಿ.

ಗಿಣಿಗೇರಾದ ಹೊಳಿಯಮ್ಮನಿಗೆ ಈಗ ಐವತ್ತೆಂಟು. ಶಾಲೆ ಎರಡನೆಯ ಇಯತ್ತೆಗೇ ನಿಂತಿತು. ಗಂಡ ತೀರಿದ ಮೇಲೆ ಒಂಬತ್ತು ವರ್ಷ ಕುಷ್ಟಗಿಯಲ್ಲಿ ದಾಳಿಂಬೆಯನ್ನು ಪೆಟ್ಟಿಗೆಗೆ ತುಂಬಿದರು. ಹನ್ನೊಂದು ವರ್ಷದಿಂದ ಹೂಮಡಿಯ ಕೆಲಸ. ಐದೂಕಾಲಿನ ಬಸ್ಸು ಈವರೆಗೆ ತಪ್ಪಿದ್ದು ಎರಡೇ ಸಲ. ಬಗ್ಗಿದ ಸೊಂಟ ಮಾತ್ರ ಈಗೀಗ ಲಗುಬಗೆಯಿಂದ ನೆಟ್ಟಗಾಗುವುದಿಲ್ಲ.

“ಹಣ್ಣು ಎದರಾಬದರ ಇಟ್ಟರ ಪೆಟಗಿ ಲಗೂ ತುಂಬತೈತ್ರಿ. ಸಂದಿಗೊಂದ ಇಟ್ಟರ ಇನ್ನೊಂದು ಸಾಲು ಹಿಡೀತೈತಿ. ಗಿಡಾನೂ ಹಂಗ,” ಎನ್ನುತ್ತಾರೆ.

ಅವರ ಸಾಧನವೆಂದರೆ ಬಳೆಯಂತೆ ಕೂಡಿಸಿದ ಹಗ್ಗ. ಅದಕ್ಕೆ ಅಡಿಗೊಂದರಂತೆ ಮೂರು ಗಂಟು. ಎಳೆದು ಹಿಡಿದರೆ ಒಲೆಯ ಮೂರು ಕಲ್ಲಿನ ಆಕಾರ. ಗಂಟಿಗೊಂದು ಗಿಡ. ಮೊದಲ ಸಾಲಿಗೆ ಇಪ್ಪತ್ತನಾಲ್ಕು. ಎರಡನೆಯ ಸಾಲು ಅದರ ಸಂದುಗಳಿಗೆ ಎದುರಾಗಿ, ಇಪ್ಪತ್ತಮೂರು. ಗಿಡಗಳ ನಡುವೆ ಒಂದಡಿ ಎಲ್ಲಿಯೂ ಕುಗ್ಗುವುದಿಲ್ಲ. ಸಾಲುಗಳ ನಡುವಿನ ಅಂತರ ಮಾತ್ರ ಹನ್ನೆರಡು ಇಂಚಿನಿಂದ ಹತ್ತೂವರೆಯೊಳಗೆ ಇಳಿಯುತ್ತದೆ. ಎಂಟು ಸಾಲು ಹಿಡಿಯುವಲ್ಲಿ ಒಂಬತ್ತು ಹಿಡಿಯುತ್ತವೆ. ಐದು ಸಾಲಿಗೆ ನೂರ ಇಪ್ಪತ್ತು, ನಾಲ್ಕು ಸಾಲಿಗೆ ತೊಂಬತ್ತೆರಡು. ಕೂಡಿಸಿ ನೋಡಬಹುದು.

ಎಂಟು ಸಾಲು ಮುಗಿದಾಗ ತಟ್ಟೆಯಲ್ಲಿ ಇಪ್ಪತ್ತನಾಲ್ಕು ಸಸಿ ಉಳಿದಿವೆ. ಕಲ್ಲೇಶ ಕುರ್ಚಿ ಬಿಟ್ಟು ಎದ್ದಿದ್ದಾರೆ. ಕಾವಲುಗಾರ ಜಿಲಾನಸಾಬ ಗೇಟನ್ನೇ ಮರೆತು ಬಂದು ನಿಂತಿದ್ದಾನೆ. ದುರಗಮ್ಮನ ಎಣಿಕೆಯ ದನಿ ಏರುತ್ತಿದೆ: “ಇಪ್ಪತ್ತೆರಡು! ಇಪ್ಪತ್ಮೂರು! ಇಪ್ಪತ್ನಾಕು!” ತಟ್ಟೆ ಬರಿದು, ಮಡಿ ಭರ್ತಿ. ಕಲ್ಲೇಶ ಟೇಪು ಹಿಡಿದು ಅಂಚನ್ನು ಅಳೆಯುತ್ತಾರೆ. ಅರ್ಧ ಅಡಿಗೆ ಒಂದು ಬೆರಳು ಹೆಚ್ಚೇ ಇದೆ.

“ಏಳೂ ಮಡಿ ನಿಂದಬೇ,” ಎಂದು ಅವರು ತಮ್ಮ ಕಾಗದವನ್ನು ಮಡಿಚಿ ಜೇಬಿಗಿಡುತ್ತಾರೆ. “ಆ ಇಪ್ಪತ್ತರ ರೊಕ್ಕಾನೂ ಕೊಡ್ತೇನಿ.”

ಆ ಇಪ್ಪತ್ತು ಸಸಿಗಳನ್ನು ಹನುಮಸಾಗರದ ನರ್ಸರಿಯ ವಿರುಪಣ್ಣ ಹೊಳಿಯಮ್ಮನ ಮಾತಿನ ಮೇಲೆ ಕೈಗಡ ಕೊಟ್ಟಿದ್ದಾರೆ.

“ರೊಕ್ಕ ಬ್ಯಾಡ್ರಿ. ಸಸಿ ಇಸಗೊಂಡೇನಿ, ಸಸೀನ ಕೊಡ್ತೇನಿ. ಇದ ಮಡಿ ಬೀಜ ಹಿಡದು ಬೆಳಸ್ತೇನಿ.”

“ಮ್ಯಾಲೊಂದು ಸೇರ್ಸಿ ಕೊಡಕ್ಕಾ, ಛಲೋ ಕಾಣತೈತಿ,” ಎನ್ನುತ್ತಾಳೆ ದುರಗಮ್ಮ.

ಹೊಳಿಯಮ್ಮ ಹಗ್ಗದ ಮಣ್ಣು ಕೊಡವುತ್ತಾರೆ. “ಇಪ್ಪತ್ತೊಂದ್ಯಾಕಬೇ? ವಿರುಪಣ್ಣ ನನ್ನ ಲೆಕ್ಕ ನಂಬ್ಯಾನ. ಇಪ್ಪತ್ತಂದ್ರ ಇಪ್ಪತ್ತ.”