ಮುದ್ದೆಯೊಳಗಿನ ಮಾತ್ರೆ

ಆ ಮನೆಯಲ್ಲಿ ನನಗೆ ಎರಡು ಏಟು ಬಿದ್ದಿವೆ. ಮೊದಲನೆಯದು ತಲೆ ಕೆಟ್ಟಿದ್ದವನ ಕೈಯಿಂದ, ಎರಡನೆಯದು ತಲೆ ನೆಟ್ಟಗಿದ್ದವನ ಕೈಯಿಂದ. ಮೊದಲನೆಯ ಏಟಿಗೆ ಎಡಗಿವಿ ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆ ಕಡೆ ನಿಂತರೆ ಎರಡು ಸಲ ಕೂಗಿಸಿಕೊಳ್ಳುತ್ತೇನೆ. ಎರಡನೆಯದು ಹೆಗಲ ಮೇಲೆ ಬಿದ್ದದ್ದು, ವಾಸಿಯಾಗಿದೆ. ಆದರೆ ನನ್ನ ಸಿಟ್ಟು ಉಳಿದಿರುವುದು ಆ ಎರಡನೆಯದರ ಮೇಲೆಯೇ.

ನನ್ನದು ಕೇಸ್ ವರ್ಕರ್ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕು ತಾಲ್ಲೂಕಿಗೂ ಒಂದು ಬ್ಯಾಗು ಹಿಡಿದು ಬಸ್ಸಿನಲ್ಲಿ ತಿರುಗುತ್ತೇನೆ. ವಯಸ್ಸಿಗೆ ಬಂದವರಿಗೆ ಮೊದಲ ಸಲ ತಲೆ ಕೆಟ್ಟಾಗ, ಇಲ್ಲದ ದನಿ ಕೇಳಿಸತೊಡಗಿದಾಗ, ಮನೆಯವರೇ ಕೊಲ್ಲಲು ನಿಂತಂತೆ ಕಾಣತೊಡಗಿದಾಗ, ಎಷ್ಟು ಬೇಗ ಆದರೆ ಅಷ್ಟು ಬೇಗ ಅವರ ಬಾಗಿಲಿಗೆ ಹೋಗಿ ನಿಲ್ಲಬೇಕು. ಡಾಕ್ಟರಿಗೆ ತೋರಿಸಬೇಕು. ಆಮೇಲೆ ಎರಡು ವರ್ಷ ಮಾತ್ರೆ, ನಿದ್ದೆ, ಊಟ, ದುಡಿಮೆ ಎಲ್ಲವನ್ನೂ ಬೆನ್ನುಹತ್ತಿ ನೋಡಿಕೊಳ್ಳಬೇಕು. ಕಾಲಿಗೆ ಹೊಕ್ಕ ಮುಳ್ಳನ್ನು ಅವತ್ತೇ ತೆಗೆದರೆ ಸೂಜಿ ಸಾಕು, ಕೀವು ತುಂಬಿದ ಮೇಲೆ ಕುಯ್ಯಬೇಕಾಗುತ್ತದೆ ಎಂದು ಎಲ್ಲ ಮನೆಗಳಲ್ಲೂ ಹೇಳುತ್ತೇನೆ. ಒಬ್ಬರಿಗೆ ಒಬ್ಬಳೇ ವರ್ಕರ್ ಎನ್ನುವುದು ನಮ್ಮಲ್ಲಿ ನಿಯಮ. ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು ಹೋಗುವಂತಿಲ್ಲ. ಹಾಗಾಗಿ ತಪ್ಪಾದಾಗ ಯಾರದು ಎಂದು ಹುಡುಕುವ ಕಷ್ಟವೂ ಇಲ್ಲ.

ಅದು ರಾವಂದೂರಿನಿಂದ ಆಟೋದಲ್ಲಿ ಒಳಕ್ಕೆ ಹೋಗಬೇಕಾದ ಊರು. ಹೊಗೆಸೊಪ್ಪು ಬೆಳೆಯುವ ಮನೆ. ಇಪ್ಪತ್ತಾರು ವರ್ಷದ ಮಗ, ಗಂಡ ತೀರಿಹೋದ ತಾಯಿ, ಪಕ್ಕದ ಮನೆಯಲ್ಲಿ ದೊಡ್ಡಪ್ಪ. ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ ಮನೆಯ ಹಿಂದೆಯೇ ಇತ್ತು, ಎರಡಾಳೆತ್ತರದ ಗೋಡೆ, ಒಂದೇ ಬಾಗಿಲು. ಒಮ್ಮೆ ಸೊಪ್ಪು ತುಂಬಿದರೆ ಐದಾರು ದಿನ ಬೆಂಕಿ ಏರಲೂ ಬಾರದು, ಇಳಿಯಲೂ ಬಾರದು. ಹಗಲೂ ರಾತ್ರಿ ಒಬ್ಬರು ಕಾಯಬೇಕು. ಆ ವರ್ಷ ಅವನೊಬ್ಬನೇ ಕಾದ. ವಾರಗಟ್ಟಲೆ ನಿದ್ದೆ ಬಿಟ್ಟವನಿಗೆ ಒಳಗಿನ ಸೊಪ್ಪು ತನ್ನ ಹೆಸರು ಹಿಡಿದು ಮಾತಾಡುವುದು ಕೇಳಿಸತೊಡಗಿತು. ಆಮೇಲೆ ದೊಡ್ಡಪ್ಪ ಊಟದಲ್ಲಿ ವಿಷ ಹಾಕುತ್ತಿದ್ದಾನೆ ಎಂದು ಶುರುಮಾಡಿದ. ಒಂದು ದಿನ ದೊಡ್ಡಪ್ಪನ ಕುತ್ತಿಗೆ ಹಿಡಿದ.

ಆಶಾ ಕಾರ್ಯಕರ್ತೆ ಹೇಳಿಕಳಿಸಿ ನಾನು ಹೋಗುವಷ್ಟರಲ್ಲಿ ಸೊಪ್ಪಿನ ಕಾಲ ಮುಗಿದಿತ್ತು. ಖಾಲಿ ಬ್ಯಾರನ್ನಿನೊಳಗೆ ಅವನನ್ನು ಎತ್ತಿನ ಹಗ್ಗದಲ್ಲಿ ಕಟ್ಟಿಹಾಕಿದ್ದರು. ಹನ್ನೊಂದು ದಿನವಾಗಿತ್ತಂತೆ. ಮಣಿಕಟ್ಟಿನ ಚರ್ಮ ಹೋಗಿ ಕೆಂಪು ಮಾಂಸ ಕಾಣುತ್ತಿತ್ತು, ನೊಣ ಮುತ್ತಿದ್ದವು. ಮೊಣಕಾಲಿನ ಕೆಳಗೆ ಸಾಲಾಗಿ ಬರೆ. ಯಾರೋ ಒಬ್ಬ ಮಂತ್ರವಾದಿ ಬಂದು ಕುಡುಗೋಲು ಕಾಯಿಸಿ ಇಟ್ಟು ಹೋಗಿದ್ದ. ಬೆನ್ನಿನ ಮೇಲಿನ ಬಾಸುಂಡೆ ಯಾರವು ಎಂದು ಕೇಳಿದೆ. ದೊಡ್ಡಪ್ಪ ಮುಚ್ಚಿಡಲಿಲ್ಲ.

"ನಾನೇ ಕಣಮ್ಮ. ಒಡುದ್ರೇನೆ ಸುಮ್ಕಾಗೋದು. ನೀವೇನ್ ಬುಡಿ, ಬತ್ತೀರಿ, ಓಯ್ತೀರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ತರಬೇತಿಯಿಂದ ಅದೇನೂ ಕೆಳಗಿಳಿದಿಲ್ಲ. "ಮೊದ್ಲು ಬಿಚ್ಚಿ. ಇಲ್ಲಾಂದ್ರೆ ಪೊಲೀಸ್ನೋರ್ ಬಂದು ಬಿಚ್ತಾರೆ" ಎಂದೆ. ಯಾರೂ ಮುಂದೆ ಬರಲಿಲ್ಲ. ನಾನೇ ಕೂತು ಬಿಚ್ಚಿದೆ. ಎರಡನೇ ಕೈ ಬಿಟ್ಟುಕೊಂಡದ್ದೇ ತಡ, ಅವನು ನನ್ನ ಕಿವಿಗೆ ಬಾರಿಸಿದ. ಬೂದಿಯ ಮೇಲೆ ಬಿದ್ದೆ. ಎದ್ದು ಕೂತಾಗ ನನ್ನ ಕೈಯೂ ಮೇಲೆ ಹೋಗಿತ್ತು. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ. ದೊಡ್ಡಪ್ಪ ಬಾರುಕೋಲು ಎತ್ತಿಕೊಂಡು ಒಳಗೆ ನುಗ್ಗಿದ್ದನ್ನು ನೋಡಿ ನನ್ನ ಕೈ ಇಳಿಸಿದೆ. ಹೊಡೆಯುವವರ ಸಾಲಿನಲ್ಲಿ ನಿಲ್ಲಲು ನಾಚಿಕೆಯಾಯಿತು.

ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಇಂಜೆಕ್ಷನ್ ಕೊಟ್ಟು, ರಾತ್ರಿಗೊಂದು ಮಾತ್ರೆ, ಮಧ್ಯಾಹ್ನಕ್ಕೊಂದು ಮಾತ್ರೆ ಬರೆದುಕೊಟ್ಟರು. ಹತ್ತು ದಿನ ತೆಗೆದುಕೊಂಡ. ಹನ್ನೊಂದನೆಯ ದಿನ ಇದೂ ದೊಡ್ಡಪ್ಪನ ವಿಷವೇ ಎಂದು ಉಗಿದ. ತಾಯಿಯ ಮುಖಕ್ಕೆ ನೀರಿನ ಚೊಂಬು ಎಸೆದ, ಅವಳ ಹುಬ್ಬು ಒಡೆಯಿತು. ಹುಬ್ಬಿಗೆ ಅರಿಶಿನ ಮೆತ್ತಿಕೊಂಡು ಆ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು:

"ಮೇಡಮ್ಮ, ಇಟ್ಟೊಳಿಕ್ಕೆ ಮಡ್ಗಿ ಕೊಟ್ಬುಡ್ಲಾ? ಅವ್ನು ಅಗಿಯಾಕಿಲ್ಲ, ನುಂಗ್ತಾನೆ. ಗೊತ್ತೇ ಆಗಾಕಿಲ್ಲ."

ಇಟ್ಟು ಎಂದರೆ ನಮ್ಮ ಕಡೆ ರಾಗಿಮುದ್ದೆ. ಮುದ್ದೆಯನ್ನು ಇಲ್ಲಿ ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗಂಟಲಿಗೆ ಜಾರಿಸುವುದು. ಮಗುವಿಗೆ ಮೊದಲು ಕಲಿಸುವ ವಿದ್ಯೆಯೇ ಅದು. ಅಗಿದರೆ ಮನೆಯವರೆಲ್ಲ ನಗುತ್ತಾರೆ. ಎಣ್ಣೆ ಸವರಿದ ಮಾತ್ರೆ ಅಂಥ ತುತ್ತಿನಲ್ಲಿ ಕೂತರೆ ನಾಲಿಗೆಗೆ ಸುಳಿವು ಸಿಗುವುದಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟೋ ಮನೆಗಳವರು ಈ ದಾರಿ ಹಿಡಿದದ್ದು ನನಗೆ ಗೊತ್ತಿತ್ತು. ಹಾಗೆ ಕೊಡಬಾರದು ಎಂದು ಡಾಕ್ಟರು ಹೇಳಿದ್ದೂ ಗೊತ್ತಿತ್ತು. ಊಟದಲ್ಲಿ ಏನೋ ಹಾಕುತ್ತಾರೆ ಎಂದು ಹೆದರಿದವನಿಗೆ ಊಟದಲ್ಲೇ ಹಾಕುವುದು ಎಂಥ ಕೆಲಸ ಎಂದು ತಿಳಿಯಲು ಓದು ಬೇಕಿಲ್ಲ. ಆದರೆ ಅವತ್ತು ನನಗೆ ದಣಿವಾಗಿತ್ತು, ಕಿವಿ ಸೋರುತ್ತಿತ್ತು, ಕಟ್ಟೆಮಳಲವಾಡಿಯಲ್ಲಿ ಇನ್ನೊಂದು ಮನೆ ಬಾಕಿಯಿತ್ತು. ನಾನು ಹೂಂ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಎಣ್ಣೆ ಸವರಬೇಕಾ ಎಂದು ಅವಳು ಕೇಳಿದಾಗ ಹೌದೆಂದು ತಲೆಯಾಡಿಸಿದೆ.

ಕೆಲಸ ಮಾತ್ರ ಆಯಿತು. ಒಂದೂವರೆ ತಿಂಗಳಲ್ಲಿ ಅವನು ಕ್ಷೌರ ಮಾಡಿಸಿಕೊಂಡ, ಹೊಲಕ್ಕೆ ಹೋದ, ಒಬ್ಬನೇ ಪಿರಿಯಾಪಟ್ಟಣದ ಸಂತೆಗೆ ಹೋಗಿ ಬಂದ. ನನ್ನನ್ನು ಅಕ್ಕ ಎನ್ನತೊಡಗಿದ. "ಕಿವಿ ನೋಯ್ತದಾ ಅಕ್ಕ?" ಎಂದು ಒಮ್ಮೆ ಕೇಳಿ ತಲೆ ತಗ್ಗಿಸಿದ. ಕೇಸಿನ ಹಾಳೆಯಲ್ಲಿ 'ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ' ಎಂದು ಬರೆದೆ. ಅಂಥ ಸುಳ್ಳನ್ನು ಅಷ್ಟು ದುಂಡಾದ ಅಕ್ಷರದಲ್ಲಿ ನಾನು ಹಿಂದೆಂದೂ ಬರೆದಿರಲಿಲ್ಲ.

ಕೆಟ್ಟದ್ದು ಅವನು ಕೆಟ್ಟಿದ್ದಾಗ ಆಗಲಿಲ್ಲ, ಒಳ್ಳೆಯವನಾದಾಗ ಆಯಿತು. ಒಂದು ಮಧ್ಯಾಹ್ನ ಉಣ್ಣಲು ಕೂತವನು ತಾಯಿಯ ತಟ್ಟೆ ನೋಡಿದ. ಅವಳ ಮುದ್ದೆ ಪಾತ್ರೆಯ ತಳ ಹಿಡಿದದ್ದು, ಕರಕು. ಅವನದು ದುಂಡಗೆ, ಬೆಣ್ಣೆಯಂತೆ. "ನಿಂದು ಸೀದೋಗದೆ ಕಣವ್ವ. ನಂದ್ ತಕ್ಕೊ" ಎಂದು ತಟ್ಟೆ ಬದಲಿಸಿದ. ಅವಳು ಬೇಡ ಎಂದಳು. ಅವನು ನಗುತ್ತಾ ತುತ್ತು ಮುರಿದು, ಸಾರಿಗೆ ಅದ್ದಿ, ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಬಾಯಿ ಬಿಗಿಹಿಡಿದಳು.

"ಯಾಕವ್ವ? ತಿನ್ನು."

ಅವಳು ಮುಖ ಆ ಕಡೆ ತಿರುಗಿಸಿದಳು. ಆ ಒಂದು ಮಾತ್ರೆ ನುಂಗಿದ್ದರೆ ಅವಳಿಗೆ ಸಂಜೆಯವರೆಗೆ ನಿದ್ದೆ ಬರುತ್ತಿತ್ತೋ ಏನೋ. ಆದರೆ ಹುಚ್ಚಿನ ಮಾತ್ರೆ ತಿಂದರೆ ಹುಚ್ಚು ಹಿಡಿಯುತ್ತದೆ ಎಂದು ಅವಳು ನಂಬಿದ್ದಳು, ಹಾಗಲ್ಲ ಎಂದು ನಾನು ಹೇಳಿರಲಿಲ್ಲ. ಅವನು ಅಷ್ಟೂ ಮುದ್ದೆಯನ್ನು ಬೆರಳಲ್ಲಿ ಹಿಸುಕಿದ. ಒಳಗಿಂದ ಬಿಳಿ ಮಾತ್ರೆ ಬಂತು.

ಮುದ್ದೆ ತಿರುವಿ ಕೂಡಿಸುವ ಕೋಲು ಅಲ್ಲೇ ಪಾತ್ರೆಯಲ್ಲಿತ್ತು. ಮೊದಲ ಏಟಿಗೆ ಅಡ್ಡ ಹಿಡಿದ ತಾಯಿಯ ಮಣಿಕಟ್ಟು ಮುರಿಯಿತು. ಎರಡನೆಯದು ತಲೆಗೆ. ಅವಳು ಒಲೆಯ ಪಕ್ಕಕ್ಕೆ ಬಿದ್ದ ಮೇಲೂ ಅವನು ನಿಲ್ಲಿಸಲಿಲ್ಲವಂತೆ. ಕೋಲು ಎರಡು ತುಂಡಾದ ಮೇಲೆ ನಿಲ್ಲಿಸಿದ. ಆಮೇಲೆ ಊರಿನವರ ಸರದಿ. ಬೀದಿಗೆ ಎಳೆದು, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಎರಡು ಹಲ್ಲು ಹೋದವು. ಪ್ರಜ್ಞೆ ತಪ್ಪಿದವನನ್ನು ಮತ್ತೆ ಬ್ಯಾರನ್ನಿಗೆ ಹಾಕಿ ಬೀಗ ಜಡಿದರು.

ನಾನು ಸರಗೂರಿನ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಆಶಾ ಕಾರ್ಯಕರ್ತೆ ಫೋನಿನಲ್ಲಿ ಅಳುತ್ತಾ ಹೇಳಿದಳು: ದೊಡ್ಡಪ್ಪ ತೀರ್ಮಾನ ಮಾಡಿಯಾಗಿದೆ, ಪಕ್ಕದ ಹೊಲದಲ್ಲಿ ತುಂಬುತ್ತಿರುವ ಶುಂಠಿ ಲಾರಿ ಸಂಜೆ ಆರಕ್ಕೆ ಕೇರಳಕ್ಕೆ ಹೊರಡುತ್ತದೆ, ಅದಕ್ಕೆ ಅವನನ್ನು ಹತ್ತಿಸಿ ದೂರದಲ್ಲೆಲ್ಲಾದರೂ ಇಳಿಸಿಬಿಡುತ್ತಾರೆ. ಹಾಗೆ ಇಳಿಸಿಹೋದ ಬೇರೆ ಕಡೆಯವರನ್ನು ನಮ್ಮ ಊರುಗಳ ಬಸ್‌ಸ್ಟ್ಯಾಂಡುಗಳಲ್ಲಿ ನಾನೇ ಕಂಡಿದ್ದೇನೆ. ಹೆಸರು ಕೇಳಿದರೂ ಹೇಳುವುದಿಲ್ಲ. ಅಂಬುಲೆನ್ಸಿಗೂ ಪೊಲೀಸರಿಗೂ ಫೋನ್ ಮಾಡಿ ಬಸ್ಸು ಹತ್ತಿದೆ. ಕೋಟೆ, ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೂ ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ತಲೆಯಲ್ಲಿ ಕುಟ್ಟುತ್ತಿತ್ತು. ಆದರೆ ಉಣ್ಣುತ್ತಿದ್ದವಳು ನಾನಲ್ಲ, ಆ ತಾಯಿ ಮತ್ತು ಮಗ.

ಐದೂಕಾಲಿಗೆ ತಲುಪಿದೆ. ಬ್ಯಾರನ್ನಿನ ಮುಂದೆ ಹದಿನೈದು ಇಪ್ಪತ್ತು ಗಂಡಸರು ನಿಂತಿದ್ದರು. ಪೊಲೀಸರಿನ್ನೂ ಬಂದಿರಲಿಲ್ಲ. ತಾಯಿಯನ್ನು ಆಸ್ಪತ್ರೆಗೆ ಸಾಗಿಸಿದ್ದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗೆ ಅವನಿಗೆ ಎಚ್ಚರವಾಗಿತ್ತು. ಒಂದೇ ಸಮನೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಆ ಏಟು ನನ್ನ ಬೆನ್ನಿಗೆ ತಾಗುತ್ತಿತ್ತು.

"ನಾ ಏಳಿದ್ದು ನಿಜ ತಾನೆ? ಆಕ್ತಿದ್ರು ತಾನೆ?" ಎಂದು ಒಳಗಿಂದ ಅರಚಿದ.

ಇಪ್ಪತ್ತು ಜನರ ಎದುರು ನಿಂತು ಜೋರಾಗಿ ಹೇಳಿದೆ: "ನಿಜ. ನೀನು ಹೇಳಿದ್ದು ನಿಜ. ಊಟದಲ್ಲಿ ಹಾಕ್ತಿದ್ರು. ವಿಷ ಅಲ್ಲ, ಡಾಕ್ಟರು ಕೊಟ್ಟಿದ್ದ ಮಾತ್ರೆ. ನಿಮ್ಮವ್ವ ನನ್ನ ಕೇಳೇ ಹಾಕಿದ್ದು. ನಾನು ಬೇಡ ಅನ್ನಲಿಲ್ಲ. ತಪ್ಪು ನಂದು."

ಚಚ್ಚುವುದು ನಿಂತಿತು. ಆಗಲೇ ದೊಡ್ಡಪ್ಪನ ಬಾರುಕೋಲು ನನ್ನ ಹೆಗಲಿಗೆ ಬಿತ್ತು. "ನಮ್ಮನೆ ಎಂಗ್ಸಿನ ತಲೆ ಒಡ್ಸಿದ್ದು ನೀನೇಯ. ಸರ್ಕೋ ಅತ್ಲಾಗೆ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಆದರೂ ಹೊಡೆದ ಕೈಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸರಿಯಲಿಲ್ಲ. "ಇನ್ನೊಂದು ಹೊಡಿ. ಆರು ಗಂಟೆ ತಂಕ ಹೊಡಿ. ಲಾರಿ ಹೋಗ್ಲಿ" ಎಂದೆ. ಅವನು ಕೋಲು ಎತ್ತಿದ. ಗುಂಪಿನಲ್ಲಿದ್ದ ಯಾರೋ ಹಿರಿಯರು ಅವನ ರಟ್ಟೆ ಹಿಡಿದುಕೊಂಡರು.

ಬಾಗಿಲ ಸಂದಿಯಿಂದ ದನಿ ಬಂತು. ಈಗ ಅದು ಅರಚಾಟವಾಗಿರಲಿಲ್ಲ.

"ಬರ್ದುಕೊಡಕ್ಕ."

ಕೇಸಿನ ಹಾಳೆ ಬ್ಯಾಗಿನಲ್ಲೇ ಇತ್ತು, ನಾನು ಸುಳ್ಳು ಬರೆದಿದ್ದ ಅದೇ ಹಾಳೆ. ಅದರ ಹಿಂಬದಿಯಲ್ಲಿ, ಊಟದಲ್ಲಿ ಮಾತ್ರೆ ಹಾಕಿದ್ದು ನಿಜ, ಇನ್ನು ಮುಂದೆ ಯಾರೂ ಹಾಕುವುದಿಲ್ಲ ಎಂದು ಬರೆದು ಸಹಿ ಹಾಕಿ ಬಾಗಿಲ ಅಡಿಯಿಂದ ತಳ್ಳಿದೆ. ಹೆಗಲಿನ ನೋವಿಗೆ ಅಕ್ಷರ ಸೊಟ್ಟಗಿತ್ತು. ಅಂಬುಲೆನ್ಸ್ ಬಂದು, ಪೊಲೀಸರು ಬಂದು, ಬೀಗ ತೆಗೆಸಿದಾಗ ಅವನು ಅದನ್ನು ರಕ್ತದ ಕೈಯಲ್ಲಿ ಮಡಚಿ ಹಿಡಿದಿದ್ದ. ತಾನಾಗಿ ನಡೆದು ಅಂಬುಲೆನ್ಸ್ ಹತ್ತಿದ. ಕೇಸಿನ ಹಾಳೆ ಎಲ್ಲಿ ಎಂದು ಆಫೀಸಿನಲ್ಲಿ ಮೇಲಿನವರು ಕೇಳಿದರು. ಹೇಳಿದೆ. ಮೆಮೊ ಕೊಟ್ಟರು, ತೆಗೆದುಕೊಂಡೆ.

ಅವನು ಮೂರು ವಾರ ಮೈಸೂರಿನ ಆಸ್ಪತ್ರೆಯಲ್ಲಿದ್ದ. ತಾಯಿ ಪೊಲೀಸರಿಗೆ ದೂರು ಕೊಡಲಿಲ್ಲ. ದೊಡ್ಡಪ್ಪ ನಡುವಿನ ಅಂಗಳಕ್ಕೆ ಗೋಡೆ ಎಬ್ಬಿಸಿದ. ಮಗ ಮನೆಗೆ ಬಂದ ವಾರಕ್ಕೆ ನಾನು ಹೋದೆ. ಹೊಸ್ತಿಲು ದಾಟಲು ಹೆದರಿಕೆಯೇ ಆಯಿತು. ತಾಯಿಯ ಕೈಗೆ ಪ್ಲಾಸ್ಟರ್, ತಲೆಯಲ್ಲಿ ಹೊಲಿಗೆ ಹಾಕಿದ ಜಾಗದಲ್ಲಿ ಕೂದಲಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು. ಮುದ್ದೆ ಕೂಡಿಸುತ್ತಿದ್ದವನು ಅವನು. ಹೊಸ ಕೋಲು. ಆ ಕೋಲು ಪಾತ್ರೆಯಿಂದ ಮೇಲೆ ಬಂದಾಗಲೆಲ್ಲ ತಾಯಿಯ ಭುಜ ಕುಗ್ಗುವುದನ್ನು ಅವನೂ ನೋಡಿದ, ನಾನೂ ನೋಡಿದೆ. ಕೂಡಿಸಿದ್ದಾದ ಮೇಲೆ ಕೋಲನ್ನು ತೊಳೆದು, ಹಿತ್ತಲಿನ ಆಚೆ ಇಟ್ಟು ಬಂದ.

ಮೂರು ತಟ್ಟೆ ಹಾಕಿದ. ತನ್ನ ಮಾತ್ರೆಯನ್ನು ಪಟ್ಟಿಯಿಂದ ತಾನೇ ಒತ್ತಿ ತೆಗೆದು ತಟ್ಟೆಯ ಅಂಚಿಗೆ ಇಟ್ಟುಕೊಂಡ, ಎಲ್ಲರಿಗೂ ಕಾಣುವಂತೆ. ಆಮೇಲೆ ತಾಯಿಯ ಮುದ್ದೆಯನ್ನು ಎರಡು ಹೋಳು ಮಾಡಿ, ಬೆರಳಲ್ಲಿ ಅಗಲಿಸಿ ಅವಳ ಮುಂದೆ ಹಿಡಿದ.

"ನೋಡವ್ವ. ಏನೂ ಇಲ್ಲ."

ಅವಳು ನೋಡಿದಳು. ನಿಜವಾಗಿಯೂ ಬಗ್ಗಿ ನೋಡಿದಳು. ಅವನು ನನ್ನ ತಟ್ಟೆಗೂ ಕೈ ಚಾಚಿದ.

"ಬೇಡ ಬುಡು" ಎಂದು ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ತುತ್ತು ಮುರಿದು, ನೋಡದೆ ನುಂಗಿದೆ.