ಇಲುಮಿನಾದಳ ಎರಡನೇ ದನಿ

ಇಲುಮಿನಾದಳ ಕಂಠ ಅಂದರೆ ಸಾಂತಿಯಾಗೊ ಊರಿಗೆ ಊರೇ ತಲೆದೂಗುತ್ತಿತ್ತು. ಆದರೆ ಅವಳೊಬ್ಬಳೇ ಹಾಡಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಹಗಲೆಲ್ಲ ಚುಟ್ಟಾ ಕಾರ್ಖಾನೆಯಲ್ಲಿ ಹೊಗೆಸೊಪ್ಪು ಸುತ್ತುವ ಕೆಲಸ. ಸಂಜೆ ಕೊಲ್ಲಿಯ ನೀರು ಕೆಂಪಾಗುವ ಹೊತ್ತಿಗೆ ರೂಫೊನ ಕ್ಷೌರದಂಗಡಿಯಲ್ಲಿ ಹಾಡು. ರೂಫೊ ಕತ್ತರಿ ಕೆಳಗಿಟ್ಟು ಗಿಟಾರ್ ಎತ್ತಿಕೊಳ್ಳುತ್ತಿದ್ದ. ಬಂದರಿನ ಹಮಾಲಿ ಲಿಬ್ರಾದೊ ಮೇಲಿನ ದನಿಯಲ್ಲಿ ಶುರುಮಾಡಿದರೆ ಇವಳು ಕೆಳಗಿನ ದನಿ ಕೂಡಿಸುತ್ತಿದ್ದಳು. ಅಲ್ಲಿನ ಹಳೇ ಹಾಡುಗಳಿಗೆ ಎರಡು ದನಿ ಬೇಕೇ ಬೇಕು. ಮೇಲಿನದನ್ನು ಬೀದಿಯವರೆಲ್ಲ ಗುನುಗುತ್ತಾರೆ. ಕೆಳಗಿನದು, ಅಂದರೆ ಎರಡನೇ ದನಿ, ಎಲ್ಲರಿಗೂ ದಕ್ಕುವಂಥದ್ದಲ್ಲ.

ಲಿಬ್ರಾದೊ ಮಹಾ ಜಂಬಗಾರ. ಕೊನೆಯ ಸಾಲಿನ ಮುಂಚೆ ದನಿಯನ್ನು ಮೇಲೇರಿಸಿ ಎಳೆದದ್ದೇ ಎಳೆದದ್ದು. ಇವಳು ಮೊಣಕೈಯಿಂದ ತಿವಿದು, "ಸಾಕು, ಇಳಿಯೋ!" ಅಂದಮೇಲೇ ಇಳಿಯುತ್ತಿದ್ದ.

"ನೀನೂ ಒಂದಿನ ಮೇಲಕ್ ಬಾರೇ," ಎಂದು ಛೇಡಿಸುತ್ತಿದ್ದ.

"ಹೋಗಲೋ! ನಾನೂ ಮೇಲಕ್ ಬಂದ್ರೆ ನಿನ್ನ ಹಿಡ್ಕೊಳ್ಳೋರ್ ಯಾರು?"

ಅವನಿಗೆ ಅವನ ಸಂಸಾರ, ಇವಳಿಗೆ ಇವಳದು. ಆದರೂ ಹಾಡುವಾಗ ಇಬ್ಬರೂ ಒಟ್ಟಿಗೇ ಉಸಿರೆಳೆಯುತ್ತಿದ್ದರು. ಹಾಗೇ ಇಬ್ಬರ ಕೂದಲೂ ಬೆಳ್ಳಗಾದವು.

ಹಾಸಿಗೆ ಹಿಡಿದ ಲಿಬ್ರಾದೊ ಒಂದು ಮಧ್ಯಾಹ್ನ ಅವಳನ್ನು ಕರೆಸಿದ. "ನನ್ನ ಮಣ್ಣು ಮಾಡೋವಾಗ ನಮ್ಮ ಮಾವಿನ ತೋಪಿನ ಹಾಡು ನೀನೇ ಹಾಡ್ಬೇಕು. ಮಾತು ಕೊಡು."

ಕೊಟ್ಟಳು. ಅವನಿಲ್ಲದೆ ಮೇಲಿನ ದನಿಯನ್ನೂ ತಾನೇ ಹಾಡಬೇಕಲ್ಲ ಎಂಬುದು ಕೊಟ್ಟಮೇಲೆ ಹೊಳೆಯಿತು. ಮನೆಯಲ್ಲಿ ಹುರುಳಿ ಬೇಯುವ ಆವಿಯೆದುರು ನಿಂತು ಅವನ ದನಿ ಎತ್ತಲು ನೋಡಿದಳು. ಎಷ್ಟು ಸಲ ಎತ್ತಿದರೂ ನಾಲಿಗೆ ತನ್ನ ಹಳೇ ಜಾಗಕ್ಕೇ ಜಾರುತ್ತಿತ್ತು. ಕೊಟ್ಟ ಮಾತು ಉಳಿಸಿಕೊಳ್ಳುವುದು ಹೇಗಪ್ಪಾ ಎಂದು ಒಬ್ಬಳೇ ಅತ್ತಳು.

ಆ ದಿನವೂ ಬಂತು. ಗೋರಿಗಳ ಬಿಳುಪಿನ ಮೇಲೆ ಬಿಸಿಲು ತೂಕಡಿಸುತ್ತಿತ್ತು. ಕಡಲ ಗಾಳಿ ಬಂದು ಹೂಗಳನ್ನು ಮುಟ್ಟಿ ಹೋಗುತ್ತಿತ್ತು. ರೂಫೊ ಮೊದಲ ಗುಟುಕು ರಮ್ಮನ್ನು ಸತ್ತವನಿಗೆಂದು ನೆಲಕ್ಕೆ ಸುರಿದು ತಂತಿ ಮೀಟಿದ. ಇಲುಮಿನಾದ ಬಾಯಿ ತೆರೆದಳು. ಅಯ್ಯೋ ದೇವರೇ, ಹೊರಟದ್ದು ಎರಡನೇ ದನಿಯೇ!

ಲಿಬ್ರಾದೊನ ಅಳಿಯ ಎವೇಲಿಯೊ ಅಯ್ಯೋ ಪಾಪ ಎಂದುಕೊಂಡು ಮೇಲಿನ ದನಿ ಎತ್ತಿದ. ಅವಳು ತಟ್ಟನೆ ಕೈಯೆತ್ತಿ ತಡೆದಳು.

"ಸುಮ್ನಿರಪ್ಪಾ! ಅದು ಅವನ ಜಾಗ."

ಮತ್ತೆ ಮೊದಲಿನಿಂದ ಹಾಡಿದಳು, ಕೆಳಗಿನದನ್ನಷ್ಟೇ. ನೆರೆದವರ ತುಟಿಗಳು ಅಲುಗಿದವು, ಸದ್ದು ಹೊರಡಲಿಲ್ಲ. ಎಲ್ಲರಿಗೂ ಲಿಬ್ರಾದೊನ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೊನೆಯ ಸಾಲಿನ ಮುಂಚೆ, ಅವನು ಏರಿ ಎಳೆಯುತ್ತಿದ್ದಲ್ಲಿ, ಅವಳು ನಿಂತಳು. ರೂಫೊ ಬೆರಳು ತಂತಿಯ ಮೇಲಿಟ್ಟುಕೊಂಡೇ ಕಾದ. ಕಾದೇ ಕಾದ.

"ಅಕ್ಕಾ, ಸಾಕು ಅನ್ನು," ಎಂದ ಮೆಲ್ಲಗೆ.

"ಇನ್ನೊಂಚೂರು ಎಳ್ಕೊಳ್ಲಿ ಬಿಡೋ," ಅಂದಳು ಇಲುಮಿನಾದ.